ಎರರ್ ಬಂದಾಗ ನಿಮ್ಮ ಪ್ರೋಗ್ರಾಂ ಬಾಯಿ ಬಿಡುತ್ತದೆಯೇ? ಕಮಾಂಡ್ ಲೈನ್ ಟೂಲ್ ಟೆಸ್ಟ್ ಮಾಡುವ ಬಗೆ

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಪೈಥಾನ್‌ನಲ್ಲಿ ಬರೆದ ಒಂದು ಕಮಾಂಡ್ ಲೈನ್ ಟೂಲ್ ಇದೆ. ದಿನಾ ರಾತ್ರಿ ಕ್ರಾನ್ (ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಸೌಲಭ್ಯ) ಅದನ್ನು ಓಡಿಸುತ್ತದೆ. ಅಂಗಡಿಗಳಿಂದ ಬಂದ ಸಿಎಸ್‌ವಿ ಫೈಲ್‌ಗಳನ್ನು ಓದಿ, ಒಟ್ಟು ಮಾರಾಟದ ಲೆಕ್ಕ ಹಾಕಿ, ಒಂದು ರಿಪೋರ್ಟ್ ಬರೆಯುತ್ತದೆ. ಹೋದ ತಿಂಗಳು ಸರ್ವರ್ ಡಿಸ್ಕ್ ತುಂಬಿ ರಿಪೋರ್ಟ್ ಅರ್ಧಕ್ಕೇ ನಿಂತಿತ್ತು. ಟೂಲ್ ಮಾತ್ರ ಎಲ್ಲ ಸರಿಯಾಗಿದೆ ಅಂತಲೇ ಹೇಳಿತ್ತು. ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ನಮ್ಮ ಟೆಸ್ಟ್‌ಗಳೆಲ್ಲ ಪಾಸ್ ಆಗುತ್ತಿವೆ. ಎರರ್ ಬಂದಾಗ ಟೂಲ್ ಸರಿಯಾಗಿ ನಡೆದುಕೊಳ್ಳುತ್ತದೆಯೇ ಅಂತ ಟೆಸ್ಟ್ ಮಾಡುವುದು ಹೇಗೆ?

ಉತ್ತರ: ಮೊದಲು ನಿಮ್ಮ ಕೇಸನ್ನೇ ನೋಡೋಣ. ಪೈಥಾನ್‌ನಲ್ಲಿ ಫೈಲ್ ಬರೆಯುವಾಗ ಡಿಸ್ಕ್ ತುಂಬಿದರೆ ಓಎಸ್‌ಎರರ್ ಅನ್ನುವ ಎರರ್ ಏಳುತ್ತದೆ. ಅದನ್ನು ಯಾರೂ ಹಿಡಿಯದಿದ್ದರೆ ಪ್ರೋಗ್ರಾಂ ಉದ್ದದ ಟ್ರೇಸ್‌ಬ್ಯಾಕ್ (ಎರರ್ ಎಲ್ಲಿ ಬಂತು ಅನ್ನುವ ವಿವರ) ತೋರಿಸಿ, ಎಕ್ಸಿಟ್ ಕೋಡ್ (ಗೆದ್ದೆನಾ ಸೋತೆನಾ ಅಂತ ಮುಗಿಯುವಾಗ ಹೇಳುವ ಸಂಖ್ಯೆ) 1 ಕೊಟ್ಟು ನಿಲ್ಲುತ್ತದೆ. ಅಂದರೆ ಪೈಥಾನ್ ಅನ್ನು ಅದರ ಪಾಡಿಗೆ ಬಿಟ್ಟರೆ ಈ ಎರರ್ ಮುಚ್ಚಿಹೋಗುವುದಿಲ್ಲ. ಮುಚ್ಚಿಹೋಗಿದೆ ಅಂದರೆ ಯಾವುದೋ ಸಾಲು ಅದನ್ನು ಮುಚ್ಚಿದೆ.

ನನಗೆ ಎರಡು ಕಡೆ ಅನುಮಾನ. ಒಂದು, ಕೋಡಿನಲ್ಲಿ ಎಲ್ಲೋ ‘ಎಕ್ಸೆಪ್ಟ್ ಎಕ್ಸೆಪ್ಷನ್’ ಅಂತ ಎಲ್ಲ ಬಗೆಯ ಎರರ್ ಹಿಡಿದು, ಲಾಗ್‌ಗೆ ಒಂದು ಸಾಲು ಬರೆದು, ಏನೂ ಆಗದವರಂತೆ ಮುಂದೆ ಹೋಗುವ ಜಾಗ ಇರಬೇಕು. ಲಾಗ್ ಕೂಡ ಅದೇ ತುಂಬಿದ ಡಿಸ್ಕಿನಲ್ಲಿದ್ದರೆ ಆ ಸಾಲೂ ಉಳಿದಿರುವುದಿಲ್ಲ. ಎರಡು, ಕ್ರಾನ್ ಸಾಲಿನ ಕೊನೆಗೆ ಯಾರೋ ‘| ಟೀ’ ಹಾಕಿ, ಅಂದರೆ ಪೈಪ್ ಮೂಲಕ ಟೀ ಅನ್ನುವ ಇನ್ನೊಂದು ಕಮಾಂಡಿಗೆ ಕೊಟ್ಟು, ಔಟ್‌ಪುಟ್ ಅನ್ನು ಲಾಗ್‌ಗೆ ಕಳಿಸಿರಬಹುದು. ಪೈಪ್ ಇದ್ದಾಗ ಶೆಲ್ ಕೊನೆಯ ಕಮಾಂಡಿನ ಎಕ್ಸಿಟ್ ಕೋಡ್ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಿಮ್ಮ ಟೂಲ್ ಸೋತು 1 ಕೊಟ್ಟಿದ್ದರೂ ಟೀ ತನ್ನ ಕೆಲಸ ಮುಗಿಸಿ ಸೊನ್ನೆ ಕೊಟ್ಟರೆ ಇಡೀ ಸಾಲು ಗೆದ್ದಂತೆಯೇ ಲೆಕ್ಕ. ಈ ಎರಡನ್ನೂ ಇವತ್ತೇ ನೋಡಿ.

ಈಗ ಟೆಸ್ಟ್ ವಿಷಯ. ನಿಮ್ಮ ಟೆಸ್ಟ್‌ಗಳು ಪಾಸ್ ಆಗುತ್ತಿರುವುದಕ್ಕೆ ಕಾರಣ ಸರಳ. ಅವು ಎಲ್ಲ ಸರಿಯಿದ್ದಾಗ ಏನಾಗುತ್ತದೆ ಅಂತ ಮಾತ್ರ ಕೇಳುತ್ತಿವೆ. ಇದು ನಿಮ್ಮೊಬ್ಬರ ಕಥೆಯಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಕಸಾಂಡ್ರಾ, ಎಚ್‌ಬೇಸ್, ರೆಡಿಸ್‌ನಂಥ ದೊಡ್ಡ ಸಿಸ್ಟಮ್‌ಗಳಲ್ಲಿ ಆದ 198 ವೈಫಲ್ಯಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಇಡೀ ಸಿಸ್ಟಮ್ ಕುಸಿದು ಬಿದ್ದ ಪ್ರಕರಣಗಳಲ್ಲಿ ಶೇ. 92ರಷ್ಟಕ್ಕೆ ಕಾರಣ, ಸಾಫ್ಟ್‌ವೇರ್ ತಾನೇ ತೋರಿಸಿದ ಎರರ್ ಅನ್ನು ಸರಿಯಾಗಿ ನಿಭಾಯಿಸದೇ ಇದ್ದದ್ದು. ಎರರ್ ಕಾಣಿಸಿತ್ತು. ಕೋಡ್ ಅದನ್ನು ಹಿಡಿದೂ ಇತ್ತು. ಹಿಡಿದ ಮೇಲೆ ಮಾಡಿದ್ದು ಮಾತ್ರ ತಪ್ಪು. ಆ ಭಾಗವನ್ನು ಸುಮ್ನೆ ಒಮ್ಮೆ ಓಡಿಸಿ ನೋಡಿದ್ದರೂ ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಕ್ಕಿಬೀಳುತ್ತಿದ್ದವು.

ಹಾಗಾಗಿ ನನ್ನ ಸಲಹೆ ಇಷ್ಟು: ಎರರ್ ಬಂದರೆ ಏನಾಗಬಹುದು ಅಂತ ಕೋಡ್ ಓದಿ ಊಹಿಸಬೇಡಿ. ಎರರ್ ಅನ್ನು ನಿಜವಾಗಿ ಬರಿಸಿ. ಆಮೇಲೆ ನಾಲ್ಕು ಜಾಗ ನೋಡಿ. ಎಕ್ಸಿಟ್ ಕೋಡ್ ಏನು ಬಂತು? ಸ್ಟ್ಯಾಂಡರ್ಡ್ ಎರರ್‌ನಲ್ಲಿ (ಎರರ್ ಸಂದೇಶ ಹೋಗುವ ದಾರಿ) ಏನು ಬರೆಯಿತು? ಸ್ಟ್ಯಾಂಡರ್ಡ್ ಔಟ್‌ಪುಟ್‌ನಲ್ಲಿ (ಫಲಿತಾಂಶ ಹೋಗುವ ದಾರಿ) ಬರಬಾರದ್ದು ಏನಾದರೂ ಬಂತಾ? ಡಿಸ್ಕಿನ ಮೇಲೆ ಏನು ಬಿಟ್ಟುಹೋಯಿತು? ಬಹಳ ಜನ ಮೊದಲನೆಯದನ್ನು ನೋಡಿ ನಿಲ್ಲಿಸುತ್ತಾರೆ. ಆದರೆ ನಷ್ಟ ಆಗುವುದು ಹೆಚ್ಚಾಗಿ ನಾಲ್ಕನೆಯದರಲ್ಲಿ.

ಎಕ್ಸಿಟ್ ಕೋಡ್‌ನಿಂದ ಶುರು ಮಾಡೋಣ. ಸೊನ್ನೆ ಅಂದರೆ ಗೆಲುವು, ಉಳಿದದ್ದೆಲ್ಲ ಸೋಲು ಅನ್ನುವುದು ನಿಮಗೆ ಗೊತ್ತೇ ಇದೆ. ಈ ಸಂಖ್ಯೆಗೆ ಇರುವುದು ಎಂಟೇ ಬಿಟ್ ಅನ್ನುವುದನ್ನು ಮಾತ್ರ ಎಷ್ಟೋ ಜನ ಮರೆಯುತ್ತಾರೆ. ಯುನಿಕ್ಸ್, ಲಿನಕ್ಸ್‌ಗಳಲ್ಲಿ ಶೆಲ್‌ಗೆ ಕಾಣುವುದು 0ರಿಂದ 255ರವರೆಗೆ ಮಾತ್ರ. ಕೆಲವರು ಎಷ್ಟು ಸಾಲು ಕೆಟ್ಟಿವೆಯೋ ಆ ಎಣಿಕೆಯನ್ನೇ ಎಕ್ಸಿಟ್ ಕೋಡ್ ಆಗಿ ಕೊಡುತ್ತಾರೆ. ನೋಡಲು ಅಚ್ಚುಕಟ್ಟಾಗಿದೆ. 3 ಸಾಲು ಕೆಟ್ಟರೆ 3, 200 ಕೆಟ್ಟರೆ 200. ಸರಿಯಾಗಿ 256 ಸಾಲು ಕೆಟ್ಟ ದಿನ? ಸೊನ್ನೆ. ಟೂಲ್ ಗೆದ್ದೆ ಅನ್ನುತ್ತದೆ. ನಿಮ್ಮಲ್ಲಿ ಈ ಥರದ ಕೋಡ್ ಇದ್ದರೆ 256 ಕೆಟ್ಟ ಸಾಲುಗಳಿರುವ ಒಂದು ಫೈಲ್ ಮಾಡಿ ಓಡಿಸಿ. ಒಂದೇ ನಿಮಿಷದ ಕೆಲಸ.

ಎಲ್ಲ ಸೋಲಿಗೂ ಒಂದೇ ಸಂಖ್ಯೆ ಕೊಡುವುದೂ ಒಳ್ಳೆಯದಲ್ಲ. ಗ್ರೆಪ್ ಅನ್ನು ನೋಡಿ. ಹುಡುಕಿದ್ದು ಸಿಕ್ಕರೆ 0, ಸಿಗದಿದ್ದರೆ 1, ಫೈಲ್ ತೆರೆಯಲಿಕ್ಕೇ ಆಗದಿದ್ದರೆ 2. ಡಿಫ್ ಕೂಡ ಹಾಗೇ. ಎರಡು ಫೈಲ್ ಒಂದೇ ಇದ್ದರೆ 0, ಬೇರೆ ಇದ್ದರೆ 1, ತೊಂದರೆ ಆದರೆ 2. ‘ಇಲ್ಲ’ ಅನ್ನುವ ಉತ್ತರಕ್ಕೂ ‘ಉತ್ತರ ಹೇಳಲು ಆಗಲಿಲ್ಲ’ ಅನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಈ ಹಳೆಯ ಟೂಲ್‌ಗಳು ಬಿಟ್ಟುಕೊಟ್ಟಿಲ್ಲ. ನಿಮ್ಮ ಟೂಲ್‌ಗೂ ಇದು ಬೇಕು. ಅಂಗಡಿಗೆ ಭಾನುವಾರ ರಜೆ, ಫೈಲ್‌ನಲ್ಲಿ ಹೆಡರ್ ಸಾಲು ಮಾತ್ರ ಇದೆ. ಇದು ಎರರ್ ಅಲ್ಲ. ಫೈಲೇ ಬಂದಿಲ್ಲ. ಇದು ಎರರ್. ಎರಡಕ್ಕೂ ಒಂದೊಂದು ಟೆಸ್ಟ್ ಬರೆಯಿರಿ. ಹತ್ತು ಅಂಗಡಿಗಳಲ್ಲಿ ಒಂದರ ಫೈಲ್ ಇಲ್ಲದಿದ್ದರೆ ಏನು ಮಾಡಬೇಕು ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಕ್ಯಾಟ್ ಕಮಾಂಡ್ ಏನು ಮಾಡುತ್ತದೆ ಗೊತ್ತಾ? ಇಲ್ಲದ ಫೈಲ್ ಬಗ್ಗೆ ದೂರು ಹೇಳುತ್ತದೆ, ಉಳಿದ ಫೈಲ್‌ಗಳನ್ನು ತೋರಿಸುತ್ತದೆ, ಕೊನೆಗೆ 1 ಕೊಡುತ್ತದೆ. ಬಹಳಷ್ಟು ಟೂಲ್‌ಗಳಿಗೆ ಅದು ಸರಿ. ಆದರೆ ಒಟ್ಟು ಲೆಕ್ಕ ಹಾಕುವ ಟೂಲ್‌ಗೆ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂಬತ್ತು ಅಂಗಡಿಯ ಮೊತ್ತವನ್ನು ಹತ್ತು ಅಂಗಡಿಯ ಮೊತ್ತ ಅಂತ ಓದುವವರು ಇದ್ದೇ ಇರುತ್ತಾರೆ. ಅಲ್ಲಿ ರಿಪೋರ್ಟ್ ಬರೆಯದೇ ನಿಲ್ಲುವುದೇ ಮೇಲು.

ನಿಮ್ಮ ಟೂಲ್ ಬೇರೆ ಕಮಾಂಡ್‌ಗಳನ್ನು ಕರೆಯುತ್ತಿದ್ದರೆ ಅವುಗಳ ನಡವಳಿಕೆಯೂ ಗೊತ್ತಿರಬೇಕು. ವೆಬ್‌ನಿಂದ ಫೈಲ್ ತರುವ ಕರ್ಲ್ ಅನ್ನೇ ತೆಗೆದುಕೊಳ್ಳಿ. ಸರ್ವರ್ 404, ಅಂದರೆ ಕೇಳಿದ್ದು ಸಿಗಲಿಲ್ಲ ಅಂತ, ಕೊಟ್ಟರೂ ಕರ್ಲ್ ಲೆಕ್ಕದಲ್ಲಿ ಅದು ಗೆಲುವೇ. ಉತ್ತರ ಬಂತಲ್ಲ, ಅಷ್ಟು ಸಾಕು ಅದಕ್ಕೆ. ‘ಫೈಲ್ ಸಿಗಲಿಲ್ಲ’ ಅನ್ನುವ ಎಚ್‌ಟಿಎಂಎಲ್ ಪುಟ ನಿಮ್ಮ ಸಿಎಸ್‌ವಿ ಹೆಸರಿನಲ್ಲಿ ಸೇವ್ ಆಗಿ ಕೂತಿರುತ್ತದೆ. ಎರಡು ಮೈನಸ್ ಹಾಕಿ ‘ಫೇಲ್’ ಅನ್ನುವ ಆಯ್ಕೆ ಕೊಟ್ಟರೆ ಮಾತ್ರ ಅದು 22 ಕೊಟ್ಟು ಸೋಲುತ್ತದೆ. ಇನ್ನು ಬೇರೆ ಕಮಾಂಡ್ ಓಡಿಸಲು ಇರುವ ಪೈಥಾನ್‌ನ ಸಬ್‌ಪ್ರೊಸೆಸ್‌ನಲ್ಲಿ ರನ್ ಕರೆಯುವಾಗ ‘ಚೆಕ್’ ಅನ್ನು ಟ್ರೂ ಮಾಡದಿದ್ದರೆ, ಒಳಗಿನ ಕಮಾಂಡ್ ಸೋತರೂ ನಿಮ್ಮ ಕೋಡ್ ಮುಂದಕ್ಕೆ ಹೋಗುತ್ತದೆ.

ಟೆಸ್ಟ್ ಬರೆಯುವಾಗ ಒಂದು ನಿಯಮ ಇಟ್ಟುಕೊಳ್ಳಿ. ಪೈಥಾನ್ ಒಳಗಿಂದ ಮೇನ್ ಫಂಕ್ಷನ್ ಕರೆದು ಪರೀಕ್ಷಿಸಿದರೆ ಸಾಲದು. ಕ್ರಾನ್ ಹೇಗೆ ಓಡಿಸುತ್ತದೋ ಹಾಗೇ, ಬೇರೆ ಪ್ರೊಸೆಸ್ ಆಗಿ ಓಡಿಸಿ. ಪೈಥಾನ್‌ನ ಟೆಸ್ಟ್ ಟೂಲ್ ಆದ ಪೈಟೆಸ್ಟ್ ಒಳಗಿಂದಲೇ ಸಬ್‌ಪ್ರೊಸೆಸ್ ಬಳಸಬಹುದು. ಶೆಲ್ ಸ್ಕ್ರಿಪ್ಟ್‌ಗಳಿಗಾದರೆ ಬ್ಯಾಟ್ಸ್ ಅನ್ನುವ ಟೂಲ್ ಚೆನ್ನಾಗಿದೆ. ಎಕ್ಸಿಟ್ ಕೋಡ್, ಎರಡು ಔಟ್‌ಪುಟ್‌ಗಳು, ಕೊನೆಯ ಕ್ಷಣದಲ್ಲಿ ಬಫರ್ (ಬರೆಯುವ ಮುನ್ನ ಡೇಟಾ ಕೂಡಿಡುವ ಜಾಗ) ಖಾಲಿ ಮಾಡುವ ಕೆಲಸ, ಇವೆಲ್ಲ ನಿಜವಾಗಿ ನಡೆಯುವುದು ಪ್ರೊಸೆಸ್ ಮುಗಿಯುವಾಗ. ಒಳಗಿಂದ ಕರೆದರೆ ಅವು ಕಾಣುವುದೇ ಇಲ್ಲ.

ಈಗ ನಿಮ್ಮ ಡಿಸ್ಕ್ ತುಂಬಿದ ರಾತ್ರಿಗೆ ಬರೋಣ. ಇದನ್ನು ಮರಳಿ ಬರಿಸಲು ಸರ್ವರ್ ಡಿಸ್ಕ್ ತುಂಬಿಸಬೇಕಿಲ್ಲ. ಲಿನಕ್ಸ್‌ನಲ್ಲಿ /ಡೆವ್/ಫುಲ್ ಅನ್ನುವ ಒಂದು ವಿಶೇಷ ಫೈಲ್ ಇದೆ. ಅದಕ್ಕೆ ಏನೇ ಬರೆದರೂ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಅನ್ನುವ ಎರರ್, ಅಂದರೆ ಎರರ್ ನಂಬರ್ 28, ವಾಪಸ್ ಬರುತ್ತದೆ. ನಿಮ್ಮ ಟೂಲಿನ ಔಟ್‌ಪುಟ್ ಅನ್ನು ಅದರೊಳಕ್ಕೆ ತಿರುಗಿಸಿ, ಆಮೇಲೆ ಎಕ್ಸಿಟ್ ಕೋಡ್ ನೋಡಿ. ಅಷ್ಟೇ ಟೆಸ್ಟ್.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಸಿ ಕಲಿಯುವಾಗ ಎಲ್ಲರೂ ಬರೆಯುವ ‘ಹಲೋ ವರ್ಲ್ಡ್’ ಪ್ರೋಗ್ರಾಂ ಅನ್ನು /ಡೆವ್/ಫುಲ್‌ಗೆ ತಿರುಗಿಸಿ ಓಡಿಸಿ ನೋಡಿ. ಒಂದಕ್ಷರವೂ ಎಲ್ಲೂ ಬರೆದಿರುವುದಿಲ್ಲ. ಎಕ್ಸಿಟ್ ಕೋಡ್ ಮಾತ್ರ ಸೊನ್ನೆ. ಯಾಕೆ? ಪ್ರಿಂಟ್‌ಎಫ್ ಕೂಡಲೇ ಬರೆಯುವುದಿಲ್ಲ, ಮೊದಲು ಬಫರ್‌ನಲ್ಲಿ ಇಡುತ್ತದೆ. ಆಗ ಎರರ್ ಇಲ್ಲ. ಮೇನ್ ಫಂಕ್ಷನ್ ಸೊನ್ನೆ ಕೊಟ್ಟು ಮುಗಿಯುತ್ತದೆ. ಅದಾದ ಮೇಲೆ ಬಫರ್ ಖಾಲಿ ಮಾಡಲು ಹೋದಾಗ ಎರರ್ ಬರುತ್ತದೆ. ಆದರೆ ಅಷ್ಟೊತ್ತಿಗೆ ಕೇಳುವವರು ಯಾರೂ ಇಲ್ಲ. ಇದೇ ಕಾರಣಕ್ಕೆ ಗ್ನೂ ಕಮಾಂಡ್‌ಗಳು ಮುಗಿಯುವ ಮುನ್ನ ಔಟ್‌ಪುಟ್ ಅನ್ನು ತಾವೇ ಮುಚ್ಚಿ, ಮುಚ್ಚುವಾಗ ಎರರ್ ಬಂತಾ ಅಂತ ನೋಡುತ್ತವೆ. ಪೈಥಾನ್ 3.6ರಿಂದ ಈಚೆಗೆ ಇಂಥ ಸಂದರ್ಭದಲ್ಲಿ ಎಕ್ಸಿಟ್ ಕೋಡ್ 120 ಬರುತ್ತದೆ. ಲಾಗ್‌ನಲ್ಲಿ ಎಂದಾದರೂ 120 ಕಂಡರೆ ಇದನ್ನು ನೆನಪಿಸಿಕೊಳ್ಳಿ. ಪ್ರೋಗ್ರಾಂ ಕೆಲಸ ಮುಗಿಸಿತ್ತು, ಕೊನೆಯ ಅಕ್ಷರಗಳು ಹೊರಗೆ ಹೋಗಲಿಲ್ಲ ಅಂತ ಅರ್ಥ.

ರಿಪೋರ್ಟ್ ಅನ್ನು ನೀವು ಫೈಲ್‌ಗೆ ಬರೆಯುವುದರಿಂದ /ಡೆವ್/ಫುಲ್ ಒಂದೇ ಸಾಲದು. ಚಿಕ್ಕ ಡಿಸ್ಕ್ ಒಂದು ಬೇಕು. ಡಾಕರ್ (ಪ್ರೋಗ್ರಾಂ ಅನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟಂತೆ ಓಡಿಸುವ ಟೂಲ್) ಬಳಸುವವರು ಓಡಿಸುವಾಗ ಟಿಎಂಪಿಎಫ್‌ಎಸ್ ಆಯ್ಕೆ ಕೊಟ್ಟು ಗಾತ್ರ 1 ಎಂಬಿ ಅಂತ ಹೇಳಿದರೆ ಮೆಮೊರಿಯಲ್ಲೇ ಒಂದು ಪುಟ್ಟ ಡಿಸ್ಕ್ ಸಿಗುತ್ತದೆ. ಅದರಲ್ಲಿ 3 ಎಂಬಿ ರಿಪೋರ್ಟ್ ಬರೆಯಲು ಹೇಳಿ. ಡಾಕರ್ ಇಲ್ಲದಿದ್ದರೆ ಬ್ಯಾಷ್‌ನ ಯುಲಿಮಿಟ್‌ಗೆ ಮೈನಸ್ ಎಫ್ ಕೊಟ್ಟು ಫೈಲ್ ಗಾತ್ರಕ್ಕೆ ಮಿತಿ ಹಾಕಬಹುದು. ಆಗ ಬರುವ ಎರರ್ ಬೇರೆ, ‘ಫೈಲ್ ಟೂ ಲಾರ್ಜ್’ ಅಂತ. ಆದರೆ ಅರ್ಧಕ್ಕೆ ಬರವಣಿಗೆ ನಿಲ್ಲುವ ಅನುಭವ ಅದೇ. ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಪರ್ಮಿಷನ್ ಬೇಕಾಗಿಲ್ಲ ಅನ್ನುವುದು ಅನುಕೂಲ.

ಟೆಸ್ಟ್ ಶುರು ಮಾಡುವ ಮುನ್ನ ಅದೇ ಜಾಗದಲ್ಲಿ ‘ನಿನ್ನೆಯ ರಿಪೋರ್ಟ್’ ಅಂತ ಗೊತ್ತಿರುವ ವಿಷಯದ ಒಂದು ಫೈಲ್ ಇಡಿ. ಟೂಲ್ ಸೋತ ಮೇಲೆ ಆ ಫೈಲ್ ತೆರೆದು ನೋಡಿ. ಅದು ಹಾಗೇ ಇರಬೇಕು. ಅರ್ಧ ಹೊಸದು, ಅರ್ಧ ಏನೂ ಇಲ್ಲ ಅನ್ನುವ ಸ್ಥಿತಿ ಬರಲೇಬಾರದು. ಈ ಟೆಸ್ಟ್ ಪಾಸ್ ಆಗಬೇಕಾದರೆ ಬರೆಯುವ ರೀತಿ ಬದಲಾಗಬೇಕು. ಮೊದಲು ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಹೆಸರಿನ ಫೈಲ್‌ಗೆ ಬರೆಯಿರಿ. ಫ್ಲಶ್ ಮಾಡಿ (ಬಫರ್ ಖಾಲಿ ಮಾಡಿ), ಎಫ್‌ಸಿಂಕ್ ಮಾಡಿ (ನಿಜವಾಗಿ ಡಿಸ್ಕಿಗೆ ಇಳಿಸಿ), ಮುಚ್ಚಿ. ಎಲ್ಲ ಸರಿಹೋದ ಮೇಲೆ ಓಎಸ್ ಮಾಡ್ಯೂಲಿನ ರಿಪ್ಲೇಸ್ ಬಳಸಿ ನಿಜವಾದ ಹೆಸರಿಗೆ ಬದಲಿಸಿ. ಒಂದೇ ಫೈಲ್‌ಸಿಸ್ಟಮ್ ಒಳಗಿದ್ದರೆ ಹೆಸರು ಬದಲಾಗುವುದು ಒಂದೇ ಏಟಿಗೆ. ಓದುವವರಿಗೆ ಹಳೆಯದು ಕಾಣುತ್ತದೆ ಅಥವಾ ಹೊಸದು ಕಾಣುತ್ತದೆ, ಮಧ್ಯದ್ದು ಕಾಣುವುದಿಲ್ಲ. ತಾತ್ಕಾಲಿಕ ಫೈಲ್ ಅನ್ನು /ಟಿಎಂಪಿ ಒಳಗೆ ಇಡಬೇಡಿ. ಅದು ಬೇರೆ ಫೈಲ್‌ಸಿಸ್ಟಮ್ ಆಗಿದ್ದರೆ ರಿಪ್ಲೇಸ್ ಸೋಲುತ್ತದೆ. ಸೋತ ಮೇಲೆ ತಾತ್ಕಾಲಿಕ ಫೈಲ್ ಅಲ್ಲೇ ಬಿದ್ದಿದೆಯಾ ಅಂತಲೂ ಟೆಸ್ಟ್ ನೋಡಲಿ. ಡಿಸ್ಕ್ ತುಂಬಿದಾಗ ಅಂಥ ಅರ್ಧಂಬರ್ಧ ಫೈಲ್‌ಗಳು ದಿನಕ್ಕೊಂದರಂತೆ ಸೇರಿ ಇನ್ನಷ್ಟು ಜಾಗ ತಿನ್ನುತ್ತವೆ.

ಒಂದು ಎಚ್ಚರಿಕೆ ಹೇಳಲೇಬೇಕು. ಹೀಗೆ ರಿಪ್ಲೇಸ್ ಮಾಡುವ ಟೂಲ್‌ಗೆ ಔಟ್‌ಪುಟ್ ಫೈಲ್ ಹೆಸರಾಗಿ /ಡೆವ್/ಫುಲ್ ಅನ್ನು ಎಂದೂ ಕೊಡಬೇಡಿ. ರೂಟ್ ಆಗಿ ಓಡಿಸಿದರೆ ಅದು ಆ ವಿಶೇಷ ಫೈಲನ್ನೇ ತೆಗೆದು ನಿಮ್ಮ ರಿಪೋರ್ಟ್ ಅನ್ನು ಅಲ್ಲಿ ಇಟ್ಟುಬಿಡುತ್ತದೆ. ಸ್ಟ್ಯಾಂಡರ್ಡ್ ಔಟ್‌ಪುಟ್ ತಿರುಗಿಸಲು ಮಾತ್ರ ಅದನ್ನು ಬಳಸಿ.

ಡಿಸ್ಕ್ ಮೊದಲ ಬೈಟ್‌ಗೇ ತುಂಬಬಹುದು, ಕೊನೆಯ ಬೈಟ್‌ಗೂ ತುಂಬಬಹುದು. ಒಂದೊಂದು ಕಡೆ ನಿಂತಾಗ ಪರಿಣಾಮ ಒಂದೊಂದು ಥರ. ಇದಕ್ಕೆ ಎಸ್‌ಕ್ಯೂಎಲೈಟ್ ಅನ್ನುವ ಡೇಟಾಬೇಸ್‌ನ ತಂಡದವರು ಮಾಡುವ ಕೆಲಸ ನನಗೆ ತುಂಬಾ ಇಷ್ಟ. ಮೆಮೊರಿ ಕೇಳುವ ಫಂಕ್ಷನ್ ಅನ್ನು ಅವರು ಬೇಕೆಂದಾಗ ಸೋಲುವಂತೆ ಮಾಡಿಟ್ಟುಕೊಂಡಿದ್ದಾರೆ. ಮೊದಲ ಸಲ ಕೇಳಿದಾಗಲೇ ಸೋಲಿಸುತ್ತಾರೆ. ಆಮೇಲೆ ಎರಡನೇ ಸಲ ಕೇಳಿದಾಗ. ಆಮೇಲೆ ಮೂರನೇ ಸಲ. ಹೀಗೆ ಒಂದೊಂದೇ ಮುಂದಕ್ಕೆ ಹೋಗಿ, ಒಂದೂ ಸೋಲದೆ ಕೆಲಸ ಪೂರ್ತಿ ಮುಗಿಯುವವರೆಗೆ ಟೆಸ್ಟ್ ನಡೆಯುತ್ತದೆ. ಒಮ್ಮೆ ಮಾತ್ರ ಸೋತು ಆಮೇಲೆ ಸರಿಹೋಗುವುದು ಒಂದು ಸುತ್ತು, ಸೋತ ಮೇಲೆ ಸೋಲುತ್ತಲೇ ಹೋಗುವುದು ಇನ್ನೊಂದು ಸುತ್ತು. ಡಿಸ್ಕಿನ ಓದು ಬರಹಕ್ಕೂ ಇದೇ ಕ್ರಮ.

ನೀವು ಅಷ್ಟು ದೂರ ಹೋಗಬೇಕಿಲ್ಲ. ಲಿನಕ್ಸ್‌ನ ಎಸ್‌ಟ್ರೇಸ್ ಈ ಕೆಲಸವನ್ನು ನಿಮ್ಮ ಕೋಡ್ ಮುಟ್ಟದೆಯೇ ಮಾಡುತ್ತದೆ. ಅದರ ‘ಇಂಜೆಕ್ಟ್’ ಆಯ್ಕೆಯಲ್ಲಿ ಯಾವ ಸಿಸ್ಟಮ್ ಕಾಲ್ (ಪ್ರೋಗ್ರಾಂ ಓಎಸ್‌ಗೆ ಹೇಳುವ ಕೆಲಸ), ಯಾವ ಎರರ್, ಎಷ್ಟನೇ ಸಲ ಅಂತ ಹೇಳಿದರೆ ಸಾಕು. ರೈಟ್ ಅನ್ನು ಮೂರನೇ ಸಲ ಕರೆದಾಗ ಜಾಗ ಇಲ್ಲ ಅಂತ ಸುಳ್ಳು ಹೇಳು, ಅಂದರೆ ಹೇಳುತ್ತದೆ. ಆ ಸಂಖ್ಯೆಯನ್ನು 1ರಿಂದ ಏರಿಸುತ್ತಾ ಹೋಗುವ ಪುಟ್ಟ ಲೂಪ್ ಬರೆಯಿರಿ. ಪ್ರತಿ ಸಲವೂ ಎರಡೇ ಪ್ರಶ್ನೆ: ಎಕ್ಸಿಟ್ ಕೋಡ್ ಸೊನ್ನೆ ಅಲ್ಲ ತಾನೇ? ನಿನ್ನೆಯ ರಿಪೋರ್ಟ್ ಹಾಗೇ ಇದೆ ತಾನೇ? ರೈಟ್ ಆದ ಮೇಲೆ ಎಫ್‌ಸಿಂಕ್ ಮತ್ತು ಕ್ಲೋಸ್‌ಗೂ ಮಾಡಿ. ಕ್ಲೋಸ್ ಕೂಡ ಸೋಲಬಹುದು ಅನ್ನುವುದು ಬಹಳ ಜನರ ತಲೆಗೇ ಬಂದಿರುವುದಿಲ್ಲ.

ಪರ್ಮಿಷನ್ ಟೆಸ್ಟ್‌ನಲ್ಲಿ ಒಂದು ಹಳ್ಳ ಇದೆ, ಬಿದ್ದವರು ತುಂಬಾ ಜನ. ಫೈಲ್‌ನ ಪರ್ಮಿಷನ್ 000 ಮಾಡಿ, ಓದಲು ಹೇಳಿ, ಎರರ್ ಬರಬೇಕು ಅಂತ ಟೆಸ್ಟ್ ಬರೆಯುತ್ತೀರಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ನಡೆಯುತ್ತದೆ. ಡಾಕರ್ ಒಳಗೆ ಓಡಿಸಿದರೆ ಟೆಸ್ಟ್ ಫೇಲ್. ಅಲ್ಲಿ ಸಾಮಾನ್ಯವಾಗಿ ಎಲ್ಲವೂ ರೂಟ್ ಆಗಿ ಓಡುತ್ತದೆ, ರೂಟ್‌ಗೆ ಈ ಪರ್ಮಿಷನ್ ಲೆಕ್ಕಕ್ಕಿಲ್ಲ. ಆಗ ಬೇಸತ್ತು ಟೆಸ್ಟ್ ಅನ್ನೇ ಸ್ಕಿಪ್ ಮಾಡುವವರಿದ್ದಾರೆ. ಸ್ಕಿಪ್ ಮಾಡಬೇಡಿ, ಟೆಸ್ಟ್ ಓಡಿಸಲು ಸಾಮಾನ್ಯ ಯೂಸರ್ ಒಬ್ಬರನ್ನು ಮಾಡಿ. ಅಥವಾ ಫೈಲ್ ಇರಬೇಕಾದ ಕಡೆ ಫೋಲ್ಡರ್ ಹೆಸರು ಕೊಡಿ. ಅದನ್ನು ರೂಟ್ ಕೂಡ ಫೈಲ್ ಥರ ಓದಲಾರದು.

ಕೆಟ್ಟ ಇನ್‌ಪುಟ್ ಬಗ್ಗೆ ಒಂದು ಹಳೆಯ ಘಟನೆ ಹೇಳುತ್ತೇನೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ 1988ರಲ್ಲಿ ಗುಡುಗು ಮಳೆಯ ಒಂದು ರಾತ್ರಿ ಮನೆಯಿಂದ ಫೋನ್ ಲೈನ್ ಮೂಲಕ ಯುನಿಕ್ಸ್ ಬಳಸುತ್ತಿದ್ದರು. ಮಳೆಗೆ ಲೈನ್ ಕೆಟ್ಟು, ಟೈಪ್ ಮಾಡಿದ್ದರ ಮಧ್ಯೆ ಏನೇನೋ ಅಕ್ಷರ ಸೇರುತ್ತಿದ್ದವು. ಆ ಕಸ ಅಕ್ಷರಗಳಿಗೆ ದಿನಬಳಕೆಯ ಕಮಾಂಡ್‌ಗಳೇ ಕ್ರ್ಯಾಶ್ ಆಗುತ್ತಿದ್ದವು. ಅವರು ಅದನ್ನೇ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಟ್ಟರು. 1990ರಲ್ಲಿ ಬಂದ ಅವರ ವರದಿಯ ಪ್ರಕಾರ, ಗೊತ್ತುಗುರಿ ಇಲ್ಲದ ಅಕ್ಷರಗಳನ್ನು ಸುರಿದಾಗ ಯುನಿಕ್ಸ್ ಟೂಲ್‌ಗಳಲ್ಲಿ ಶೇ. 25ರಿಂದ 33ರಷ್ಟು ಕುಸಿದಿದ್ದವು. ಇವತ್ತು ಫಜ್ ಟೆಸ್ಟಿಂಗ್ ಅನ್ನುವುದು ಶುರುವಾದದ್ದು ಅಲ್ಲಿಂದ.

ಆದರೆ ನಿಮ್ಮ ಥರದ ಟೂಲ್‌ಗೆ ಕ್ರ್ಯಾಶ್‌ಗಿಂತ ಅಪಾಯ, ತಪ್ಪನ್ನು ಸರಿ ಅಂತ ನುಂಗುವುದು. ಅಂಗಡಿಯವರು ಮೊತ್ತವನ್ನು 1,25,000 ಅಂತ ಬರೆದಿರುತ್ತಾರೆ. ಪೈಥಾನ್‌ನ ಇಂಟ್ ಇದನ್ನು ಒಪ್ಪುವುದಿಲ್ಲ, ಎರರ್ ಕೊಡುತ್ತದೆ. ಒಳ್ಳೆಯದು. ಅದೇ ಲೆಕ್ಕವನ್ನು ಆಕ್ ಅನ್ನುವ ಹಳೆಯ ಯುನಿಕ್ಸ್ ಟೂಲ್‌ನಲ್ಲಿ ಮಾಡಿದರೆ ಮೊದಲ ಅಲ್ಪವಿರಾಮದವರೆಗೆ ಓದಿ 1 ಅಂತ ತೆಗೆದುಕೊಳ್ಳುತ್ತದೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಒಂದೂಕಾಲು ಲಕ್ಷ ಹೋಗಿ ಒಂದು ರೂಪಾಯಿ. ಇನ್ನು ಯಾರಾದರೂ ಕನ್ನಡ ಅಂಕಿಯಲ್ಲಿ ೧೨೫ ಅಂತ ಬರೆದರೆ? ಪೈಥಾನ್ ಅದನ್ನು 125 ಅಂತಲೇ ಓದುತ್ತದೆ, ಆಕ್ ಸೊನ್ನೆ ಅನ್ನುತ್ತದೆ. ಪೈಥಾನ್ ಮಾಡುವುದು ಚೆಂದವೇ, ಆದರೆ ನಿಮ್ಮ ಮುಂದಿನ ಟೂಲ್ ಕೂಡ ಹಾಗೇ ಓದುತ್ತದೆಯಾ ಅಂತ ನೋಡಿ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಯುಟಿಎಫ್-8 ಅಂತ ಸೇವ್ ಮಾಡಿದ ಫೈಲ್‌ನ ತಲೆಯಲ್ಲಿ ಕಣ್ಣಿಗೆ ಕಾಣದ ಬಿಒಎಂ ಗುರುತು ಇರುತ್ತದೆ. ಅದರಿಂದ ಮೊದಲ ಕಾಲಂನ ಹೆಸರು ಹೊಂದದೆ ಹೋಗುತ್ತದೆ. ಫೈಲ್ ಹೆಸರುಗಳನ್ನೂ ಮರೆಯಬೇಡಿ. ಲಿನಕ್ಸ್‌ನ ಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೆ 3 ಬೈಟ್. ಅಂದರೆ 85ಕ್ಕೇ ಮುಗಿಯಿತು. ‘ಕ್ಷ’ ಒಂದಕ್ಕೇ 9 ಬೈಟ್ ಬೇಕು. ಅಂಗಡಿಯ ಪೂರ್ತಿ ಹೆಸರು ಮತ್ತು ಊರು ಸೇರಿಸಿ ಕನ್ನಡದಲ್ಲಿ ಫೈಲ್ ಹೆಸರು ಕಟ್ಟುವ ಟೂಲ್ ಈ ಗೋಡೆಗೆ ಹೊಡೆಯುವುದು ಅಪರೂಪವೇನಲ್ಲ. ಇಂಗ್ಲಿಷ್ ಹೆಸರುಗಳಲ್ಲೇ ಟೆಸ್ಟ್ ಮಾಡಿದರೆ ಇದು ಸಿಗುವುದೇ ಇಲ್ಲ.

ಮಧ್ಯದಲ್ಲಿ ಕೊಲ್ಲುವ ಟೆಸ್ಟ್ ಕೂಡ ಬೇಕು. ಟೂಲ್ ಓಡುತ್ತಿರುವಾಗ ಸಿಗ್‌ಟರ್ಮ್, ಅಂದರೆ ‘ನಿಲ್ಲು’ ಅನ್ನುವ ಸಿಗ್ನಲ್, ಕಳಿಸಿ. ಡಾಕರ್ ಸ್ಟಾಪ್ ಮಾಡುವುದೂ ಅದೇ. ಮೊದಲು ಸಿಗ್‌ಟರ್ಮ್ ಕಳಿಸಿ, 10 ಸೆಕೆಂಡ್ ಕಾದು, ಆಮೇಲೆ ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್. ಸಿಗ್ನಲ್‌ನಿಂದ ಸತ್ತ ಪ್ರೋಗ್ರಾಂಗೆ ಶೆಲ್ 128ಕ್ಕೆ ಸಿಗ್ನಲ್ ಸಂಖ್ಯೆ ಕೂಡಿಸಿ ತೋರಿಸುತ್ತದೆ. ಸಿಗ್‌ಟರ್ಮ್‌ಗೆ 143, ಸಿಗ್‌ಕಿಲ್‌ಗೆ 137. ಪೈಥಾನ್ ಸಬ್‌ಪ್ರೊಸೆಸ್‌ನಲ್ಲಿ ಅವೇ ಮೈನಸ್ 15, ಮೈನಸ್ 9 ಅಂತ ಕಾಣುತ್ತವೆ. ಸಿಗ್‌ಕಿಲ್ ಅನ್ನು ಹಿಡಿಯಲು ಯಾವ ಪ್ರೋಗ್ರಾಂಗೂ ಆಗದು, ಹಾಗಾಗಿ ತಾತ್ಕಾಲಿಕ ಫೈಲ್ ಉಳಿಯುತ್ತದೆ. ಮರುದಿನದ ಓಟ ಆ ಹಳೆಯ ಫೈಲ್ ಕಂಡು ಎಡವಬಾರದು. ಇದಕ್ಕೊಂದು ಟೆಸ್ಟ್ ಸಾಕು.

ಎರರ್ ಸಂದೇಶದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯಾವ ಪ್ರೋಗ್ರಾಂ, ಯಾವ ಫೈಲ್, ಯಾವ ಸಾಲು, ಏನು ಕಾರಣ, ಇಷ್ಟು ಇರಲಿ. ಅದು ಸ್ಟ್ಯಾಂಡರ್ಡ್ ಎರರ್‌ಗೇ ಹೋಗಲಿ. ಔಟ್‌ಪುಟ್‌ಗೆ ಹೋದರೆ ಮುಂದಿನ ಪ್ರೋಗ್ರಾಂ ಅದನ್ನು ಡೇಟಾ ಅಂತ ಓದುತ್ತದೆ. ಟೆಸ್ಟ್‌ನಲ್ಲಿ ಇಡೀ ವಾಕ್ಯವನ್ನು ಹೋಲಿಸಬೇಡಿ, ಫೈಲ್ ಹೆಸರು ಮತ್ತು ಸಾಲಿನ ಸಂಖ್ಯೆ ಇದೆಯಾ ಅಂತ ಮಾತ್ರ ನೋಡಿ. ಇಲ್ಲದಿದ್ದರೆ ಒಂದು ಪದ ತಿದ್ದಿದಾಗಲೆಲ್ಲ ಟೆಸ್ಟ್ ಮುರಿದು, ಜನ ಅದನ್ನು ನಿರ್ಲಕ್ಷಿಸಲು ಕಲಿಯುತ್ತಾರೆ.

ಟೂಲ್ ಸುತ್ತ ಇರುವ ಶೆಲ್ ಸ್ಕ್ರಿಪ್ಟ್ ಅನ್ನು ಮಾತ್ರ ಟೆಸ್ಟ್‌ನಿಂದ ಬಿಡಬೇಡಿ. 2015ರ ಜನವರಿಯಲ್ಲಿ ಲಿನಕ್ಸ್‌ನಲ್ಲಿ ಸ್ಟೀಮ್ ಅನ್ನುವ ಗೇಮ್ ಸಾಫ್ಟ್‌ವೇರ್ ಬಳಸುವವರೊಬ್ಬರ ಫೈಲ್‌ಗಳೆಲ್ಲ ಅಳಿಸಿಹೋದವು. ಸ್ಟೀಮ್ ಜೊತೆ ಬರುವ ಸ್ಕ್ರಿಪ್ಟ್ ತಾನಿರುವ ಫೋಲ್ಡರ್‌ಗೆ ‘ಸಿಡಿ’ ಕಮಾಂಡಿನಿಂದ ಹೋಗಿ, ಆ ದಾರಿಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಆಮೇಲೆ ಅದರೊಳಗಿನ ಎಲ್ಲವನ್ನೂ ಅಳಿಸುತ್ತಿತ್ತು. ಸಿಡಿ ಸೋತಿತು. ವೇರಿಯಬಲ್ ಖಾಲಿ ಉಳಿಯಿತು. ಅಳಿಸುವ ಸಾಲು ಸ್ಲ್ಯಾಷ್‌ನಿಂದ, ಅಂದರೆ ಡಿಸ್ಕಿನ ಬುಡದಿಂದ ಶುರುವಾಯಿತು. ಜೋಡಿಸಿದ್ದ ಹೊರಗಿನ ಡ್ರೈವ್ ಕೂಡ ಉಳಿಯಲಿಲ್ಲ. ಅಳಿಸುವ ಸಾಲಿನ ಮೇಲೆ ‘ಸ್ಕೇರಿ!’ ಅನ್ನುವ ಕಾಮೆಂಟ್ ಇತ್ತು. ಭಯ ಇತ್ತು, ಟೆಸ್ಟ್ ಇರಲಿಲ್ಲ. ಸ್ಕ್ರಿಪ್ಟ್ ಮೊದಲಲ್ಲಿ ಸೆಟ್ ಮೈನಸ್ ಇ (ಕಮಾಂಡ್ ಸೋತರೆ ನಿಲ್ಲು) ಹಾಕಿದ್ದರೆ ಇಲ್ಲಿ ನಿಲ್ಲುತ್ತಿತ್ತು. ಸೆಟ್ ಮೈನಸ್ ಯು (ಇಲ್ಲದ ವೇರಿಯಬಲ್ ಬಳಸಿದರೆ ನಿಲ್ಲು) ಮಾತ್ರ ಹಾಕಿದ್ದರೆ ನಿಲ್ಲುತ್ತಿರಲಿಲ್ಲ, ಯಾಕೆಂದರೆ ವೇರಿಯಬಲ್ ಇತ್ತು, ಒಳಗೆ ಏನೂ ಇರಲಿಲ್ಲ ಅಷ್ಟೇ. ನಿಮ್ಮ ಸ್ಕ್ರಿಪ್ಟ್‌ಗೆ ಎರಡನ್ನೂ ಹಾಕಿ, ಜೊತೆಗೆ ಪೈಪ್‌ಫೇಲ್ (ಪೈಪ್‌ನಲ್ಲಿ ಯಾವುದು ಸೋತರೂ ಸೋಲು) ಹಾಕಿ. ಮೊದಲೇ ಹೇಳಿದ ಟೀ ಸಮಸ್ಯೆಗೆ ಮದ್ದು ಅದೇ. ಆದರೆ ಪೈಪ್‌ಫೇಲ್ ಹಾಕಿದ ಮೇಲೆ ಎಲ್ಲಾದರೂ ಮೊದಲ ಕೆಲವು ಸಾಲು ಮಾತ್ರ ಓದುವ ‘| ಹೆಡ್’ ಇದ್ದರೆ 141 ಬರಬಹುದು. ಹೆಡ್ ಬೇಗ ಎದ್ದುಹೋದಾಗ ಹಿಂದಿನ ಪ್ರೋಗ್ರಾಂ ಸಿಗ್‌ಪೈಪ್‌ನಿಂದ ಸಾಯುವ ಸಂಖ್ಯೆ ಅದು. ಅದು ನಿಜವಾದ ಸೋಲಲ್ಲ.

ಕೊನೆಯದಾಗಿ, ಎರರ್ ಯಾರನ್ನು ತಲುಪುತ್ತದೆ ಅನ್ನುವುದನ್ನೂ ಟೆಸ್ಟ್ ಮಾಡಿ. 2017ರ ಜನವರಿ 31ರಂದು ಕೋಡ್ ಇಡುವ ಸೇವೆ ಗಿಟ್‌ಲ್ಯಾಬ್‌ನಲ್ಲಿ ತಪ್ಪಾದ ಸರ್ವರ್‌ನ ಡೇಟಾ ಫೋಲ್ಡರ್ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುವ ಪಿಜಿಡಂಪ್ ಮಾತ್ರ 9.2ರದ್ದು. ಹಳೆಯ ಪಿಜಿಡಂಪ್ ಹೊಂದಾಣಿಕೆ ಇಲ್ಲ ಅಂತ ಎರರ್ ಕೊಟ್ಟು ನಿಲ್ಲುತ್ತಿತ್ತು. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಕ್ರಾನ್ ಅದನ್ನು ಇಮೇಲ್ ಕಳಿಸಿಯೂ ಇತ್ತು. ಆ ಇಮೇಲ್‌ಗಳಿಗೆ ಡಿಮಾರ್ಕ್ (ಕಳಿಸಿದವರು ನಿಜವಾದವರೇ ಅಂತ ಖಾತ್ರಿಪಡಿಸುವ ವ್ಯವಸ್ಥೆ) ಹೊಂದಿಸದ ಕಾರಣ ಸ್ವೀಕರಿಸುವ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಸುಮಾರು 6 ಗಂಟೆ ಹಿಂದೆ ಬೇರೆ ಕೆಲಸಕ್ಕೆ ತೆಗೆದಿದ್ದ ಡೇಟಾದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ನಕಲು) ಇದ್ದದ್ದರಿಂದ ಅಷ್ಟು ಹೊತ್ತಿನ ಡೇಟಾ ಮಾತ್ರ ಹೋಯಿತು. ನಡೆದದ್ದನ್ನು ಅವರು ಏನೂ ಬಚ್ಚಿಡದೆ ಬರೆದರು, ಹಾಗಾಗಿ ನಾವೆಲ್ಲ ಕಲಿಯಬಹುದು.

ಆದ್ದರಿಂದ ತಿಂಗಳಿಗೊಮ್ಮೆ ನಿಜವಾದ ಸರ್ವರ್‌ನಲ್ಲಿ, ನಿಜವಾದ ಕ್ರಾನ್‌ನಿಂದ, ಇಲ್ಲದ ಫೈಲ್ ಹೆಸರು ಕೊಟ್ಟು ಟೂಲ್ ಅನ್ನು ಬೇಕೆಂದೇ ಸೋಲಿಸಿ. ನಿಮ್ಮ ಮೊಬೈಲ್‌ಗೆ ಸಂದೇಶ ಬಂತಾ ನೋಡಿ. ಜೊತೆಗೆ ಗೆದ್ದ ದಿನವೂ ಟೂಲ್ ಬೇರೊಂದು ಯಂತ್ರಕ್ಕೆ ‘ಮುಗಿಸಿದೆ’ ಅಂತ ಹೇಳಲಿ, ಬೆಳಿಗ್ಗೆ 6ರೊಳಗೆ ಆ ಮಾತು ಬರದಿದ್ದರೆ ಆ ಯಂತ್ರ ನಿಮ್ಮನ್ನು ಎಬ್ಬಿಸಲಿ. ನಿನ್ನೆಯ ರಿಪೋರ್ಟ್ ಜೋಪಾನವಾಗಿ ಉಳಿಯುವಂತೆ ನಾವೇ ಮಾಡಿದ್ದೇವಲ್ಲ, ಅದನ್ನೇ ಇವತ್ತಿನದು ಅಂತ ಯಾರೂ ಓದದಿರಲು ಒಳಗೆ ತಾರೀಖನ್ನೂ ಎದ್ದುಕಾಣುವಂತೆ ಹಾಕಿ.

ಇಷ್ಟನ್ನೂ ಒಂದೇ ವಾರದಲ್ಲಿ ಮಾಡಲು ಹೋಗಬೇಡಿ. ಮೊದಲು 1 ಎಂಬಿ ಡಿಸ್ಕಿನ ಟೆಸ್ಟ್ ಬರೆಯಿರಿ, ಈಗಿರುವ ಕೋಡ್ ಮೇಲೆ ಓಡಿಸಿ. ಅದು ಫೇಲ್ ಆಗಬೇಕು. ಆಗದಿದ್ದರೆ ಹೋದ ತಿಂಗಳ ತೊಂದರೆಯನ್ನು ಅದು ಹಿಡಿಯುತ್ತಿಲ್ಲ ಅಂತ ಅರ್ಥ. ಆಗ ಕ್ರಾನ್ ಸಾಲಿನಲ್ಲಿರುವ ಪೈಪ್ ಕಡೆ ಹುಡುಕಿ. ಫೇಲ್ ಆದರೆ ಆ ‘ಎಕ್ಸೆಪ್ಟ್’ ಸಾಲು ತಿದ್ದಿ, ಬರೆಯುವ ರೀತಿ ಬದಲಿಸಿ, ಮತ್ತೆ ಓಡಿಸಿ. ಅದಾದ ಮೇಲೆ ಎಸ್‌ಟ್ರೇಸ್ ಲೂಪ್, ಆಮೇಲೆ ಕೆಟ್ಟ ಸಿಎಸ್‌ವಿಗಳು. ಅಂಗಡಿಗಳಿಂದ ಇಲ್ಲಿಯವರೆಗೆ ಬಂದ ಕೆಟ್ಟ ಫೈಲ್‌ಗಳನ್ನು ಎಸೆಯದೆ ಒಂದು ಫೋಲ್ಡರ್‌ನಲ್ಲಿ ಇಟ್ಟಿದ್ದರೆ, ಟೆಸ್ಟ್‌ಗೆ ಅವುಗಳಿಗಿಂತ ಒಳ್ಳೆಯ ಸಾಮಗ್ರಿ ಬೇರೆ ಸಿಗುವುದಿಲ್ಲ.